ಮೆಷಿನ್ನಿನ ಸುತ್ತ ಮಳೆ

ಲಾಂಡ್ರಿಯ ಮಾಳಿಗೆಯಿಂದ,
ನವೆಂಬರ್ ೧೮

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರಾ? ನಿನ್ನ ಅತ್ತೆಯವರ ಮೊಣಕಾಲು ಹೇಗಿದೆ? ಕೇಳಬೇಕಲ್ಲ ಎಂದು ಕೇಳುತ್ತಿದ್ದೇನೆ ಅಷ್ಟೇ, ಆ ಮೊಣಕಾಲಿನ ಮೇಲೆ ನನಗೀಗ ನಂಬಿಕೆ ಉಳಿದಿಲ್ಲ. ಪ್ರತಿ ವರ್ಷ ಇಲ್ಲಿ ಕೊಯ್ಲು ಮುಗಿದು ಹೊಲದ ಕೂಳೆಗೆ ಬೆಂಕಿ ಇಡುವ ಹೊತ್ತಿಗೇ, ಅಲ್ಲಿ ಸಮುದ್ರದ ದಂಡೆಯಲ್ಲಿ ಆ ಯಮ್ಮನಿಗೆ ನೋವು ಶುರುವಾಗುತ್ತದೆ. ಅತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಓಡುತ್ತಾರೆ. ಇಲ್ಲಿ ಹೊಗೆ ಇಳಿದರೆ ಅಲ್ಲಿ ನೋವು ಇಳಿಯುತ್ತದೆ. ಪಾಪ, ಎಂಥ ಸೊಸೆ, ಎಂಥ ಮಗಳು ಎಂದು ನಾನು ಓಣಿಯಲ್ಲೆಲ್ಲ ಹೊಗಳಿದ್ದೇ ಹೊಗಳಿದ್ದು. ಈ ಸಲ ನೀನೂ ರಜೆ ಹಾಕಿ ಹಿಂದೆಯೇ ಹೋದಾಗಲೂ ನನ್ನ ಮಂದಬುದ್ಧಿಗೆ ಏನೂ ಹೊಳೆಯಲಿಲ್ಲ.

ಆಸ್ಪತ್ರೆಯ ಹಾಸುಬಟ್ಟೆ ಒಗೆದೇ ನಮ್ಮ ಅನ್ನ ಎಂಬುದು ನಿನಗೆ ಗೊತ್ತು. ಈ ತಿಂಗಳು ಮಾಳಿಗೆಯ ತಂತಿಗೆ ಬೆಳ್ಳಗೆ ಹಾಕಿದ ಬಟ್ಟೆ ಸಂಜೆಗೆ ಬೂದಿ ಬಣ್ಣವಾಗಿ ಇಳಿಯುತ್ತಿತ್ತು. ಧಾನ್ಯದ ಮಂಡಿಯಲ್ಲಿ ಕಾಳು ತೂರುವ ಧೂಳು, ಹೊಲಗಳ ಹೊಗೆ, ಮುಟ್ಟಿದರೆ ಬೆರಳಿಗೆ ಮಸಿ. ಆದರೂ ನಾನು ಜಗಳಕ್ಕೆ ಹೋದದ್ದು ಸೋಪಿನ ಅಂಗಡಿಯವನ ಹತ್ತಿರ! ಯಾಕೆಂದರೆ ವೃತ್ತದಲ್ಲಿ ನಿನ್ನ ಮಾಲಿನ್ಯ ನಿಯಂತ್ರಣ ಕಚೇರಿಯ ಬೋರ್ಡು ಹಸಿರು ದೀಪ ಹಚ್ಚಿಕೊಂಡು ಗಾಳಿ ಉತ್ತಮವಾಗಿದೆ ಎನ್ನುತ್ತಿತ್ತು. ನನ್ನ ಅಣ್ಣನ ಬೋರ್ಡು ತಾನೇ? ನೀನು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳು ನಾನು. ಅದೂ ಸಾಲದೆ ದಿನಾ ಬೆಳಗ್ಗೆ ನಿನಗೆ ಫೋನು ಮಾಡಿ, ಮಿಡತೆಯನ್ನು ಓಟದ ಅಭ್ಯಾಸಕ್ಕೆ ಕಳಿಸಲಾ ಎಂದು ಕೇಳುತ್ತಿದ್ದೆ. (ನಡೆಯುವ ಬದಲು ಹಾರುತ್ತಾಳೆಂದು ನನ್ನ ಮಗಳಿಗೆ ಆ ಹೆಸರಿಟ್ಟವನೂ ನೀನೇ.) “ಏನೂ ಆಗಲ್ಲ, ಓಡ್ಲಿ ಬಿಡೇ. ಮಗೂನ ಮುಚ್ಚಿಟ್ಟು ಬೆಳೆಸ್ಬೇಡ” ಎಂದು ನೀನು ನಗುತ್ತಿದ್ದೆ. ಕೊನೆಕೊನೆಗೆ ಅದನ್ನೂ ಅಲ್ಲಿಂದಲೇ, ಸಮುದ್ರದ ಗಾಳಿ ಕುಡಿಯುತ್ತಲೇ ಹೇಳಿದೆ. ಅವಳು ಓಡಿದಳು.

ಹೋದ ವಾರ ಶಾಲೆಯ ಮೇಷ್ಟ್ರು ಅವಳನ್ನು ಮೈದಾನದಿಂದ ಎತ್ತಿಕೊಂಡು ಬಂದರು. ತುಟಿ ನೀಲಿಯಾಗಿತ್ತು, ಉಸಿರು ಎಳೆದರೆ ಪಕ್ಕೆಲುಬೆಲ್ಲ ಎದ್ದು ಕಾಣುತ್ತಿತ್ತು. ನಾನೇ ಒಗೆದ ಹಾಸುಬಟ್ಟೆಯ ಮೇಲೆ ನನ್ನ ಮಗಳು ಮಲಗಿದಳು ಅಣ್ಣಾ. ನಿನಗೆ ಗಾಬರಿಯಾಗಬಾರದೆಂದು ತಿಳಿಸಲಿಲ್ಲ. “ಇಂಥ ಗಾಳೀಲಿ ಯಾರಮ್ಮ ಓಡಿಸಿದ್ದು?” ಎಂದು ಡಾಕ್ಟರು ರೇಗಿದರು. ಬೋರ್ಡು ಹಸಿರಿತ್ತು ಎಂದೆ. ಅವರು ಮುಂದಿನ ಹಾಸಿಗೆಗೆ ಹೋದರು.

ನಿನ್ನೆ ಬಟ್ಟೆ ತಲುಪಿಸಲು ನಿನ್ನ ಕಚೇರಿಯ ಪಕ್ಕದ ಅತಿಥಿಗೃಹಕ್ಕೆ ಹೋಗಿದ್ದೆ. ಗಾಳಿ ಅಳೆಯುವ ಮೆಷಿನ್ ಇರುವ ಕಂಪೌಂಡಿನಲ್ಲಿ ನೀರಿನ ಟ್ಯಾಂಕರು ನಿಂತಿತ್ತು. ಡ್ರೈವರು ಪೈಪು ಹಿಡಿದು ನೆಲಕ್ಕೆ, ಮರಕ್ಕೆ, ಬರೀ ಗಾಳಿಗೆ ಕೂಡ ನೀರು ಹೊಡೆಯುತ್ತಿದ್ದ. ಊರೆಲ್ಲ ಕೆಮ್ಮುತ್ತಿದ್ದರೆ ಅಲ್ಲಿ ಮಾತ್ರ ಮಳೆ ಬಂದು ನಿಂತ ಹಾಗಿತ್ತು. ಏನಪ್ಪಾ ಇದು ಎಂದು ಕೇಳಿದೆ. ನಿನ್ನ ತಂಗಿ ಎಂದು ಗೊತ್ತಿದ್ದ ಆತ ಖುಷಿಯಿಂದಲೇ ಹೇಳಿದ: “ಸಾಹೇಬ್ರು ಹೇಳಿದ್ದು ಅಕ್ಕಾ. ಸುಗ್ಗಿ ಮುಗಿಯೋವರೆಗೂ ಮೆಷಿನ್ ಸುತ್ತ ದಿನಾ ಹೊಡೀಬೇಕು. ಇಲ್ಲಾಂದ್ರೆ ಬೋರ್ಡು ಕೆಂಪಾಗುತ್ತೆ, ಮೇಲಿನವರು ಸಾಹೇಬ್ರನ್ನ ಬೈತಾರೆ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಮೇಲಿನವರಿಗೆ ಹೆದರಿದೆ, ಕೆಲಸ ಉಳಿಸಿಕೊಂಡೆ, ಅದು ಅರ್ಥವಾಗುತ್ತದೆ. ಊರಿಗೆ ಸುಳ್ಳು ಹೇಳಿದ್ದನ್ನು ಊರು ಕೇಳಲಿ. ಆದರೆ ಫೋನಿನಲ್ಲಿ ನಾನು ಕೇಳಿದ್ದು ಬೋರ್ಡನ್ನಲ್ಲ, ನಿನ್ನನ್ನು. “ಬೇಡ ಕಣೇ, ಇವತ್ತು ಮನೇಲಿರ್ಲಿ” ಎಂದಿದ್ದರೆ ಸಾಕಿತ್ತು, ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ನಿನ್ನ ಮಕ್ಕಳನ್ನು ಬಸ್ಸು ಹತ್ತಿಸುವಾಗ ನನ್ನ ಮಗಳು ಒಂದು ಸಲವಾದರೂ ನೆನಪಾಗಲಿಲ್ಲವಾ? ಬೇರೆಯವರು ಮೋಸ ಮಾಡಿದ್ದರೆ ನಿನ್ನ ಹತ್ತಿರ ಬಂದು ಅಳುತ್ತಿದ್ದೆ. ಈಗ ಆ ಜಾಗವೂ ಇಲ್ಲದಂತಾಯಿತು.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ಮುತ್ತು, ಅವರದೇನೂ ತಪ್ಪಿಲ್ಲ. ನಿನಗೆ ಏನು ಬರೆಯಬೇಕೋ ತೋಚುತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನನ್ನು ನಂಬಿದ್ದ ತಂಗಿ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ, ಮಿಡತೆಯ ಕೈಯಲ್ಲೇ ಕಳಿಸುತ್ತಿದ್ದೇನೆ. ಹೊಗೆ ಇಳಿಯುವವರೆಗೆ ಅವಳು ಈ ಊರಿನಲ್ಲಿರಬಾರದು ಎಂದಿದ್ದಾರೆ ಡಾಕ್ಟರು. ಊರ ಹೊರಗೆ ನಮಗೆ ನಿನ್ನನ್ನು ಬಿಟ್ಟರೆ ಯಾರಿದ್ದಾರೆ? ನಮ್ಮ ಯಜಮಾನರು ನಿನ್ನ ಅತ್ತೆ ಮನೆಯ ಬಾಗಿಲಿನವರೆಗೆ ತಂದು ಬಿಡುತ್ತಾರೆ. ಒಳಗೆ ಬರುವುದಿಲ್ಲ, ಒತ್ತಾಯ ಮಾಡಬೇಡ. ಔಷಧಿ ಚೀಲದ ಹೊರಜೇಬಿನಲ್ಲಿದೆ. ಅವಳಿಗೆ ನಾನು ಏನೂ ಹೇಳಿಲ್ಲ. ಮಾವನೇ ಗಾಳಿ ಚೆನ್ನಾಗಿದೆ ಎಂದ ಮೇಲೆ ತಪ್ಪು ತನ್ನ ಓಟದ್ದೇ ಇರಬೇಕು, ಮಾವನಿಗೆ ಬೇಜಾರಾಗಿರುತ್ತದೆ ಎಂದುಕೊಂಡಿದ್ದಾಳೆ. ನೀನು ಇದನ್ನು ಓದುವ ಹೊತ್ತಿಗೆ ಅವಳು ನಿನ್ನ ಹತ್ತಿರ ಕ್ಷಮೆ ಕೇಳಿ ಆಗಿರುತ್ತದೆ.