ಸರ್ವಿಸ್ ದೀಪ ಆರಿಸಿದವರು

ಕುಮಾಸಿ
ಮಂಗಳವಾರ, ಮಾರ್ಚ್ ೧೨

ಫೋನ್ ಎತ್ತದ ಮಗಳು ಪೊಕುವಾಗೆ, ಫೋನ್ ಮಾಡಿ ಮಾಡಿ ಸಾಕಾದ ಅಮ್ಮ ಬರೆಯುವ ಕಾಗದ.

ನೀನು ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಹಸಿದ ಹೊಟ್ಟೆಯಲ್ಲಿ ಮಲಗಬೇಡ. ಇದನ್ನು ತಮಾಲೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ, ಜೊತೆಗೆ ಎರಡು ಸಿಹಿ ಬ್ರೆಡ್. ಬ್ರೆಡ್ ತಿಂದು ಕಾಗದ ಹರಿದು ಹಾಕುವ ಹುಡುಗಿ ನೀನು, ನಿನ್ನನ್ನು ಹೆತ್ತವಳು ನಾನು, ನನಗೆ ಗೊತ್ತಿಲ್ಲವೇ? ಇದೊಂದು ಸಲ ಮೊದಲು ಕಾಗದ ಓದು.

ನಿನ್ನ ಸಂದೇಶ ಭಾನುವಾರ ಬಂತು. ಎರಡೇ ಸಾಲು. ಶುಕ್ರವಾರ ನಾನೂ ಅಟಕೋರಾನೂ ಮದುವೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕುತ್ತೇವೆ, ನಿಮ್ಮ ಮನೆಯಿಂದ ಯಾರೂ ಬರಬೇಡಿ. "ನಿಮ್ಮ ಮನೆ" ಎಂದು ಬರೆದಿದ್ದೀಯ. ಓದಿ ಒಲೆಯ ಮುಂದೆ ಕುಳಿತುಬಿಟ್ಟೆ, ಒಂದು ತಟ್ಟೆ ಬ್ರೆಡ್ ಕರಕಲಾಯಿತು. ಆ ಶುಕ್ರವಾರವನ್ನು ಸ್ವಲ್ಪ ಮುಂದೆ ಹಾಕು ಎಂದು ಬೇಡಿಕೊಳ್ಳಲು ಬರೆಯುತ್ತಿದ್ದೇನೆ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ, ಅದೂ ನಿನಗೆ ಗೊತ್ತು. ಹಾಗಾಗಿ ಮೊದಲು ನಡೆದದ್ದನ್ನು ಹೇಳುತ್ತೇನೆ.

ಥೂ, ಎಲ್ಲಿಂದ ಶುರು ಮಾಡಲಿ! ನೆನೆದರೇ ಬಾಯೆಲ್ಲ ಕಹಿಯಾಗುತ್ತದೆ.

ನವೆಂಬರಿನಲ್ಲಿ ನಮ್ಮ ಬ್ರೆಡ್ ವ್ಯಾನನ್ನು ಎಫ್‌ಸಿಗೆ ಒಯ್ದಾಗ ಆದದ್ದನ್ನು ನೀನು ಅಟಕೋರಾನ ಬಾಯಿಂದ ಕೇಳಿದ್ದೀಯ. ಈಗ ನನ್ನ ಬಾಯಿಂದ ಕೇಳು. ತಪಾಸಣೆ ಯಾರ್ಡಿನಲ್ಲಿ ಇರುವವನು ನಾಳೆ ನನ್ನ ಅಳಿಯನಾಗುವವನು, ಬಾನೆಟ್ ಎತ್ತದೆ ಸ್ಟಿಕ್ಕರ್ ಅಂಟಿಸಿ ಕಳಿಸುತ್ತಾನೆ ಎಂದುಕೊಂಡು ಹೋಗಿದ್ದೆ. ಅವನಿಗೆಂದು ಬಿಸಿ ಬ್ರೆಡ್ ಕೂಡ ಕಟ್ಟಿಕೊಂಡು ಹೋಗಿದ್ದೆ. ಅವನು ಬ್ರೆಡ್ ತೆಗೆದುಕೊಂಡು ಪಕ್ಕಕ್ಕಿಟ್ಟ. ಆಮೇಲೆ ಸೀಟಿನಲ್ಲಿ ಕುಳಿತು, ಇಂಜಿನ್ ಚಾಲು ಮಾಡದೆ ಕೀಲಿ ಮಾತ್ರ ತಿರುಗಿಸಿ ನನ್ನನ್ನು ಕರೆದ. "ಅಮ್ಮ, ಬನ್ನಿ, ಇಲ್ಲಿ ನೋಡಿ. ಕೀಲಿ ತಿರುಗಿಸಿದ ಕೂಡ್ಲೆ ಡ್ಯಾಶ್‌ಬೋರ್ಡಿನ ಎಲ್ಲಾ ದೀಪ ಹತ್ಕೋಬೇಕು. ಇಂಜಿನ್ ಶುರುವಾದ್ಮೇಲೆ ಆರ್ಬೇಕು. ನಿಮ್ ಗಾಡೀಲಿ ಆಯಿಲ್‌ದು ಕೆಂಪು ದೀಪ ಹತ್ಕೊಳ್ಳೋದೇ ಇಲ್ಲ" ಎಂದ. ಹತ್ತದಿದ್ದರೆ ಒಳ್ಳೆಯದೇ ಅಲ್ಲವೇನಪ್ಪ ಎಂದೆ. "ಅಯ್ಯೋ ಅಮ್ಮ, ಯಾರೋ ಅದರ ವೈರ್ ಕಿತ್ತಿದಾರೆ. ಹಳದಿ ದೀಪ ಬಂದ್ರೆ ಬೇಗ ಬಾ ಅಂತ. ಕೆಂಪು ಬಂದ್ರೆ ಅಲ್ಲೇ ನಿಲ್ಸು ಅಂತ. ಆ ನಿಲ್ಸು ಅನ್ನೋ ಬಾಯನ್ನೇ ಮುಚ್ಚಿದಾರೆ" ಎಂದ.

ಬಾಗಿಲಿನ ಅಂಚಿನಲ್ಲಿ, ನಮ್ಮ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ ನಿನ್ನ ಡೊಂಕೊರ್ ಮಾವ ಅಂಟಿಸಿದ ಚೀಟಿ ಇತ್ತಲ್ಲ, ಆಯಿಲ್ ಬದಲಿಸಿ ಎರಡು ವಾರ ಆಗಿದೆ ಎಂದು ಅದರಲ್ಲಿ ಬರೆದಿತ್ತು. ನನ್ನ ತಮ್ಮ ಬರೆದದ್ದು, ನೋಡಪ್ಪ, ಎಂದು ಜಂಬದಿಂದ ತೋರಿಸಿದೆ. ಅಟಕೋರಾ ಆಯಿಲ್ ನೋಡುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದ. ಡಾಂಬರು. ಟಾರ್ಚ್ ಬೆಳಕು ಬಿಟ್ಟು ಇಂಜಿನ್ನಿನ ಅಡಿಯಲ್ಲಿ ಫಿಲ್ಟರ್ ತೋರಿಸಿದ, ಹಾಲಿನ ಡಬ್ಬಿಯಷ್ಟಿದೆ, ತುಕ್ಕು ಹಿಡಿದಿದೆ. ಆಗ ಅವನು ಹೇಳಿದ ಮಾತು ನನ್ನ ಎದೆಗೆ ನಾಟಿತು: "ಅಮ್ಮ, ಸರ್ವಿಸ್ ದೀಪ ಆರಿಸಿದಾರೆ. ಸರ್ವಿಸ್ ಮಾಡಿಲ್ಲ." ಸ್ಪ್ಯಾನರ್ ಚಿತ್ರದ ಆ ಹಳದಿ ದೀಪಕ್ಕೆ ಆಯಿಲ್ ಕಾಣುವುದಿಲ್ಲವಂತೆ. ಗಾಡಿ ಎಷ್ಟು ದೂರ ಓಡಿತು ಎಂದಷ್ಟೇ ಅದು ಎಣಿಸುತ್ತದಂತೆ. ಒಂದು ಗುಂಡಿ ಒತ್ತಿ ಹಿಡಿದರೆ ಯಾರು ಬೇಕಾದರೂ ಆರಿಸಬಹುದಂತೆ.

ನನ್ನ ಹಿಂದೆ ಸಾಲಿನಲ್ಲಿ ಜನ ಸಾಗಿಸುವ ಟ್ರೊಟ್ರೊ ವ್ಯಾನಿನ ಡ್ರೈವರುಗಳು ನಿಂತಿದ್ದರು. ಒಬ್ಬ ಕೂಗಿದ: "ಏನಪ್ಪಾ, ಅತ್ತೇನೇ ಫೇಲ್ ಮಾಡ್ದೆ! ಮಗಳನ್ನ ಹೆಂಗೆ ಪಾಸ್ ಮಾಡ್ಕೋತೀಯ?" ಎಲ್ಲರೂ ಗೊಳ್ಳೆಂದು ನಕ್ಕರು. ಅಟಕೋರಾ ನಗಲಿಲ್ಲ, ಆದರೆ ಕೆಂಪು ಸೀಲು ಒತ್ತಿದ. ನಾನು ಆ ಬ್ರೆಡ್ಡನ್ನು ವಾಪಸ್ ಎತ್ತಿಕೊಂಡು ಬಂದೆ, ಪೊಕುವಾ. ಕೊಟ್ಟ ಬ್ರೆಡ್ಡನ್ನು ವಾಪಸ್ ತಂದ ಹೆಂಗಸು ಕುಮಾಸಿಯಲ್ಲಿ ನಾನೊಬ್ಬಳೇ ಇರಬೇಕು.

ಡೊಂಕೊರ್‌ಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅವೆಲ್ಲ ಪುಸ್ತಕ ಓದ್ದೋರ ಮಾತು ಅಕ್ಕ. ಬಿಳಿಯರ ಊರಿನ ಗಾಡಿ, ಅಲ್ಲಿನ ಚಳಿಗೆ ಮಾಡಿದ್ದು. ಅದರಲ್ಲಿ ಅರ್ಧ ಸಾಮಾನು ನಮಗೆ ಬೇಡ್ವೇ ಬೇಡ" ಎಂದ. ನೆನಪಿದೆಯೇ, ಇಂಜಿನ್ ಬಿಸಿಯನ್ನು ಹದದಲ್ಲಿಡುವ ಆ ಪುಟ್ಟ ಹಿತ್ತಾಳೆ ಬಿಲ್ಲೆಯನ್ನು, ಇದು ಚಳಿ ದೇಶದವರಿಗೆ ಎಂದು ಅವನು ಕಿತ್ತು ಚರಂಡಿಗೆ ಎಸೆದದ್ದು? ನನ್ನ ತಮ್ಮನಿಗೆ ಏನೆಲ್ಲ ಗೊತ್ತು ಎಂದು ನಾನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆಮೇಲೆ ಬೇರೆ ಯಾವುದೋ ಯಾರ್ಡಿನಿಂದ ಹೊಸ ಸ್ಟಿಕ್ಕರ್ ತಂದು ಅವನೇ ಗಾಜಿಗೆ ಅಂಟಿಸಿದ. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಅದೂ ಹೇಸಿಗೆಯೇ.

ಆಮೇಲೆ ಡಿಸೆಂಬರಿನಲ್ಲಿ ಅಟಕೋರಾನ ಮನೆಯವರು ಹೆಣ್ಣು ಕೇಳಲು ಬಾಗಿಲು ತಟ್ಟುವ ಶಾಸ್ತ್ರಕ್ಕೆ ಬಂದರು. ಎರಡು ಬಾಟಲಿ ಜಿನ್, ಇಸ್ತ್ರಿ ಮಾಡಿದ ಬಟ್ಟೆ, ಅವನ ತಾಯಿಯ ಕೈಯಲ್ಲಿ ಹೂವಿನ ಬೀಸಣಿಗೆ. ನೀನು ಒಳಗಿನ ಕೋಣೆಯಲ್ಲಿ ಕಿವಿಯೋಲೆ ಹಾಕಿಕೊಂಡು ಕಾಯುತ್ತಿದ್ದೆ. ನಿನ್ನ ಸೋದರಮಾವ ಡೊಂಕೊರ್ ಎದ್ದು ನಿಂತು, ನಮ್ಮ ಹುಡುಗಿಗೆ ಇನ್ನೂ ಕಾಲ ಬಂದಿಲ್ಲ, ನಿಮ್ಮ ಬಾಟಲಿ ನೀವು ತೆಗೆದುಕೊಂಡು ಹೋಗಿ ಎಂದುಬಿಟ್ಟ. ಅವನ ತಾಯಿಯ ಕೈಯಲ್ಲಿದ್ದ ಬೀಸಣಿಗೆ ನಿಂತುಹೋಯಿತು. ನಾನೇನು ಮಾಡಲಿ? ಸೋದರಮಾವ ಬಾಯಿ ತೆರೆದ ಮೇಲೆ ತಾಯಿ ಮಾತಾಡುವ ಪದ್ಧತಿ ನಮ್ಮಲ್ಲಿ ಉಂಟೇ? ಮಾರನೆಯ ದಿನ ನೀನು ಪೆಟ್ಟಿಗೆ ಕಟ್ಟಿದೆ. ತಮಾಲೆಗೆ ವರ್ಗ ಕೇಳಿ ಪಡೆದೆ ಎಂದು ನನಗೆ ಬೇರೆಯವರಿಂದ ತಿಳಿಯಿತು.

ಅವತ್ತಿನಿಂದ ನನ್ನದೊಂದೇ ಹಠ. ಅಟಕೋರಾ ಸುಳ್ಳುಗಾರ ಎಂದು ನಿನಗೆ ಸಾಬೀತು ಮಾಡಿ ತೋರಿಸಬೇಕು, ಆಗ ನೀನಾಗಿಯೇ ಮನೆಗೆ ಬರುತ್ತೀಯ.

ಹೋದ ವಾರ ಹಳದಿ ದೀಪ ಮತ್ತೆ ಬಂತು. ನಾನು ನಿನ್ನ ಕಪಾಟಿನಿಂದ ಆ ಕೆಂಪು ನೇಲ್ ಪಾಲಿಶ್ ತೆಗೆದುಕೊಂಡೆ. ಹಿಟ್ಟಿನ ಖಾಲಿ ಚೀಲ ನೆಲಕ್ಕೆ ಹಾಸಿ, ಈ ವಯಸ್ಸಿನಲ್ಲಿ, ಈ ಸೊಂಟ ಇಟ್ಟುಕೊಂಡು, ವ್ಯಾನಿನ ಅಡಿಗೆ ತೆವಳಿದೆ. ಅಟಕೋರಾ ತೋರಿಸಿದ ಜಾಗ ಮರೆತಿರಲಿಲ್ಲ. ಫಿಲ್ಟರಿನ ತಳಕ್ಕೆ ದಪ್ಪಗೆ ಒಂದು ಬೊಟ್ಟು ಇಟ್ಟೆ. ಹೊಸ ಫಿಲ್ಟರ್ ಬಂದರೆ ಬೊಟ್ಟು ಇರುವುದಿಲ್ಲ, ಅಷ್ಟೇ ಲೆಕ್ಕ. ಶನಿವಾರ ಗಾಡಿಯನ್ನು ಡೊಂಕೊರ್‌ಗೆ ಕೊಟ್ಟೆ.

ಸೋಮವಾರ ವ್ಯಾನ್ ವಾಪಸ್ ಬಂತು. ಆಹಾ, ಏನು ಹೊಳಪು! ಸೋಪು ಹಾಕಿ ತೊಳೆದಿದ್ದ. ಟೈರಿಗೆ ಕಪ್ಪು ಪಾಲಿಶ್, ಕನ್ನಡಿಯ ಹತ್ತಿರ ನಿಂಬೆ ವಾಸನೆಯ ಬಿಲ್ಲೆ. ಹಳದಿ ದೀಪ ಆರಿತ್ತು. "ಹೊಸ ಆಯಿಲ್, ಹೊಸ ಫಿಲ್ಟರ್, ಎಲ್ಲಾ ಒರಿಜಿನಲ್ ಅಕ್ಕ. ಇನ್ನು ಮೂರು ತಿಂಗಳು ಬಾನೆಟ್ ಕಡೆ ತಿರುಗೂ ನೋಡ್ಬೇಡ" ಎಂದ. ಊಟಕ್ಕೆ ಕುಳಿತ. ನಾನು ಹುಳಿ ಜೋಳದ ಹಿಟ್ಟಿನ ಕೆಂಕೆ, ಕರಿದ ಮೀನು, ಮೆಣಸಿನ ಗೊಜ್ಜು ಬಡಿಸಿದೆ. ಅವನು ಕೈಯಲ್ಲಿ ಕೆಂಕೆ ಮುರಿಯುತ್ತಿದ್ದಾಗ ಉಗುರು ನೋಡಿದೆ. ಮದುವೆಗೆ ಹೊರಟವನ ಉಗುರಿನ ಹಾಗೆ ಸ್ವಚ್ಛ. ಆಯಿಲ್ ಬದಲಿಸಿದವನ ಉಗುರು ಹಾಗಿರುತ್ತದೆಯೇ? ನನಗೆ ಊಟ ಸೇರಲಿಲ್ಲ.

ಅವನು ಹೋದ ಮೇಲೆ ಮತ್ತೆ ಚೀಲ ಹಾಸಿ ಒಳಗೆ ತೆವಳಿದೆ. ಕೆಂಪು ಬೊಟ್ಟು ಅಲ್ಲೇ ಇತ್ತು ಮಗಳೇ. ಇಟ್ಟ ಹಾಗೆ. ನೋಡುತ್ತಿದ್ದಂತೆ ಎಲ್ಲಿಂದಲೋ ಒಂದು ತೊಟ್ಟು ಕರಿ ಆಯಿಲ್ ಜಾರಿ ನನ್ನ ತುಟಿಯ ಮೇಲೆ ಬಿತ್ತು. ಉಗುಳಿದೆ, ಒರೆಸಿದೆ, ಮತ್ತೆ ಉಗುಳಿದೆ. ಇವತ್ತು ಸಂಜೆಯ ತನಕವೂ ಆ ರುಚಿ ಹೋಗಿಲ್ಲ. ಹನ್ನೊಂದು ವರ್ಷ ಈ ವ್ಯಾನು ಹೀಗೆಯೇ ಓಡಿದೆಯೇ? ಅದರಲ್ಲಿ ನಿನ್ನನ್ನು ಶಾಲೆಗೆ ಬಿಟ್ಟಿದ್ದೇನೆ, ಹಿಂದಿನ ಸೀಟಿನಲ್ಲಿ ಬ್ರೆಡ್ ಬುಟ್ಟಿಗಳ ನಡುವೆ ಹೆಂಗಸರನ್ನು ಕೂರಿಸಿಕೊಂಡು ಇಳಿಜಾರು ಇಳಿದಿದ್ದೇನೆ. ದುಡ್ಡಿನ ಮಾತು ಬಿಡು. ನನ್ನ ಸ್ವಂತ ತಮ್ಮ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು, ನನ್ನ ತಟ್ಟೆಯಲ್ಲಿ ಉಂಡು ನನ್ನ ಕಣ್ಣಿಗೆ ಮಣ್ಣೆರಚಿದ.

ಇವತ್ತು ಬೆಳಿಗ್ಗೆ ವ್ಯಾನನ್ನು ನೇರ ಅವನ ವರ್ಕ್‌ಶಾಪಿಗೆ ಬಿಟ್ಟೆ. "ಕರ್ತನ ಕೈ ಮೋಟಾರ್ ವರ್ಕ್ಸ್" ಎಂದು ಬೋರ್ಡು ಬೇರೆ! ಕರ್ತನ ಕೈ ಅಲ್ಲಿ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ, ಡೊಂಕೊರ್ ನೆರಳಲ್ಲಿ ಕುಳಿತು ಚೌಕಾಬಾರ ಆಡುತ್ತಿದ್ದ. ಅಡಿಗೆ ತೂರಿ ಫಿಲ್ಟರ್ ನೋಡು ಎಂದೆ. ಹೋದ, ನೋಡಿದ, ಬೆವರುತ್ತಾ ಹೊರಬಂದ. "ಏನೋ ಡೊಂಕೊರ್, ಈಗ ಅಂಗಡೀಲಿ ಹೊಸ ಫಿಲ್ಟರ್‌ಗೆ ನೇಲ್ ಪಾಲಿಶ್ ಹಚ್ಚೇ ಮಾರ್ತಾರಾ?" ಎಂದು ಕೇಳಿದೆ. ಅಕ್ಕಪಕ್ಕದ ಮೆಕ್ಯಾನಿಕ್‌ಗಳೆಲ್ಲ ಸ್ಪ್ಯಾನರ್ ಕೆಳಗಿಟ್ಟು ಬಂದು ಸೇರಿದರು.

"ಅಕ್ಕ, ಗಾಡಿ ಓಡ್ತಿದೆ ತಾನೇ? ಒಂದು ದಿನ ನಿಂತಿತ್ತಾ?" ಎಂದ. ನಾಚಿಕೆಗೆಟ್ಟವನು!

ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. "ಓಡ್ತಿದ್ರೆ ಸಾಕಾ? ಅವತ್ತು ಆ ಹುಡುಗ ಬಾನೆಟ್ ಎತ್ತಿದ, ನಿನ್ನ ಬಂಡವಾಳ ಬಯಲಾಯ್ತು. ಅವನು ಮನೆ ಅಳಿಯ ಆದ್ರೆ ದಿನಾ ಬಾನೆಟ್ ಎತ್ತುತ್ತಾನೆ ಅಂತ ಹೆದರಿ ಬಾಟಲಿ ವಾಪಸ್ ಕಳಿಸ್ದೆ. ನನ್ನ ಮಗಳ ಬಾಳು ಹಾಳು ಮಾಡಿದೋನು ನೀನು!" ಎಂದು ಕಿರುಚಿದೆ. ಡೊಂಕೊರ್ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಾ, "ಹಾಗೇ ಅಂದ್ಕೋ ಅಕ್ಕ" ಎಂದ. ಅಷ್ಟೇ.

ನಾನು ವ್ಯಾನನ್ನು ಅಲ್ಲೇ ಬಿಟ್ಟು ಬಿಸಿಲಲ್ಲಿ ನಡೆದು ಬಂದೆ.

ಪೊಕುವಾ, ಅಟಕೋರಾ ಹೇಳಿದ್ದು ಅಕ್ಷರಶಃ ನಿಜ. ನಾನು ತಪ್ಪು ತಿಳಿದಿದ್ದೆ. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಮಾತ್ರ ಗೊತ್ತಾಗುತ್ತದೆ. ಶುಕ್ರವಾರ ಸಹಿ ಹಾಕಬೇಡ. ಭಾನುವಾರ ಚರ್ಚ್ ಮುಗಿದ ಮೇಲೆ ನಮ್ಮ ಮನೆತನದ ಹಿರಿಯರನ್ನು ಕರೆದುಕೊಂಡು ನಾನೇ ಅಟಕೋರಾನ ತಾಯಿಯ ಮನೆಗೆ ಬಾಟಲಿ ಹಿಡಿದು ಹೋಗುತ್ತೇನೆ, ತಪ್ಪಾಯಿತು ಎನ್ನುತ್ತೇನೆ. ಹೆಣ್ಣಿನ ಕಡೆಯವರು ಹೀಗೆ ಹೋಗುವುದನ್ನು ಯಾರೂ ಕಂಡಿಲ್ಲ, ಕಾಣಲಿ. ಅವರು ಮತ್ತೆ ಬಂದು ಬಾಗಿಲು ತಟ್ಟಲಿ, ನೀನು ಒಳಗಿನ ಕೋಣೆಯಿಂದ ನಗುತ್ತಾ ಹೊರಗೆ ಬಾ. ಯಾರೂ ಇಲ್ಲದವಳ ಹಾಗೆ ಕಚೇರಿಯ ಮೇಜಿನ ಮುಂದೆ ನೀನೊಬ್ಬಳೇ ನಿಲ್ಲುವುದನ್ನು ನೆನೆದರೆ ನನ್ನ ಕರುಳು ಕಿತ್ತು ಬರುತ್ತದೆ. ನೀನು ಬಿಟ್ಟು ಹೋದರೆ ನನಗೆ ಯಾರಿದ್ದಾರೆ ಹೇಳು?

ಅಟಕೋರಾಗೆ ನನ್ನ ಆಶೀರ್ವಾದ ತಿಳಿಸು. ಅವನು ಸ್ವೀಕರಿಸಿದರೆ.

ನಿನ್ನ ಹಠವನ್ನು ನಿನಗೆ ಕೊಟ್ಟವಳು,
ನಿನ್ನ ಅಮ್ಮ
ಅಡ್ವೊವಾ ಸೆರ್ವಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಏಳಲಿಲ್ಲ. ಲಕೋಟೆ ಅಂಟಿಸಿದ್ದೆ, ಈಗ ಹರಿದು ತೆಗೆದೆ. ಅವರು ಬಾಗಿಲು ತಟ್ಟಲು ಬರುವ ಹಿಂದಿನ ದಿನ ಡೊಂಕೊರ್ ನನ್ನ ಹತ್ತಿರ ಬಂದಿದ್ದ. "ಆ ಹುಡುಗನ್ನ ಕಂಡ್ರೆ ನನಗೆ ಉರಿಯುತ್ತೆ ಅಕ್ಕ, ಆದ್ರೂ ಒಳ್ಳೆಯವನು. ಪೊಕುವಾ ಸುಖವಾಗಿರ್ತಾಳೆ. ಬಾಟಲಿ ತಗೊಳ್ಳೋಣ" ಎಂದಿದ್ದ. ಬೇಡ ಎಂದವಳು ನಾನು. ಯಾರ್ಡಿನಲ್ಲಿ ಅಷ್ಟು ಜನ ನಗುವಂತೆ ಮಾಡಿದವನು ನನ್ನ ಮನೆಯಲ್ಲಿ ಉಣ್ಣಕೂಡದು, ನೀನು ಹೀಗೆಯೇ ಹೇಳಬೇಕು ಎಂದು ಅವನಿಗೆ ಒಂದೊಂದೇ ಮಾತು ಹೇಳಿಕೊಟ್ಟವಳು ನಾನು. ಇವತ್ತು ಅಷ್ಟು ಜನರ ಮುಂದೆ ಅದನ್ನು ಅವನ ತಲೆಗೇ ಕಟ್ಟಿದೆ, ಆಗಲೂ ಅವನು ನನ್ನನ್ನು ಬಿಟ್ಟುಕೊಡಲಿಲ್ಲ. ಆಯಿಲ್ ವಿಷಯದಲ್ಲಿ ಅವನು ಕಳ್ಳ. ನಿನ್ನ ವಿಷಯದಲ್ಲಿ ಕಳ್ಳಿ ನಾನು. ಇದನ್ನು ಅಟಕೋರಾಗೂ ಓದಿ ಹೇಳು. ಆಮೇಲೂ ನೀವಿಬ್ಬರು ಶುಕ್ರವಾರವೇ ಸಹಿ ಹಾಕಿದರೆ, ನಾನು ಕಚೇರಿಯ ಹೊರಗೆ ರಸ್ತೆಯ ಆಚೆ ಬದಿಯಲ್ಲಿ ನಿಂತಿರುತ್ತೇನೆ. ಒಳಗೆ ಬರುವುದಿಲ್ಲ.