ಗಂಡಿನ ಕಡೆಯ ಫೋಟೋ

ಏಪ್ರಿಲ್ 22, ಮಧ್ಯಾಹ್ನ

ಲಗ್ನದ ಸೀಸನ್. ಊಟಕ್ಕೂ ಪುರುಸೊತ್ತಿಲ್ಲ. ಬೀದರ, ಭಾಲ್ಕಿ, ಔರಾದ... ಎಲ್ಲ ಫೋಟೋ ನನ್ನ ಆಲ್ಬಂ ಅಂಗಡಿಯ ಟೇಬಲ್ಲಿಗೇ. ಗಂಡಿನ ಕಡೆಗೊಬ್ಬ ಫೋಟೋಗ್ರಾಫರ್, ಹೆಣ್ಣಿನ ಕಡೆಗೊಬ್ಬ. ಹಾಗಾಗಿ ಒಂದೊಂದು ಲಗ್ನಕ್ಕೂ ಎರಡೆರಡು ಫೋಲ್ಡರ್. ಆಲ್ಬಂ ಮಾತ್ರ ಒಂದೇ ಬೇಕು ಈ ಬೀಗರಿಗೆ! ಕೈಯಿಂದ ಕೂಡಿಸಿ ಕೂಡಿಸಿ ಸಾಕಾಗಿ, ಕಂಪ್ಯೂಟರೇ ಆ ಕೆಲಸ ಮಾಡಲೆಂದು ಶೆಲ್ ಸ್ಕ್ರಿಪ್ಟ್ ಬರೆದೆ. ವರ-ವಧು ಹೆಸರಿನ ಒಂದೊಂದೇ ಜೋಡಿ ತಗೊಂಡು, ಎರಡೂ ಫೋಲ್ಡರನ್ನು ಒಂದಕ್ಕೆ ಸರಿಸುವ ಲೂಪ್. ಮೊದಲು ಗಂಡಿನದು, ಆಮೇಲೆ ಹೆಣ್ಣಿನದು — ಲಗ್ನಪತ್ರಿಕೆಯಲ್ಲೂ ಹಾಗೇ ತಾನೆ. ಚಹಾ ಆರುವುದರೊಳಗೆ ಎಲ್ಲ ಮುಗಿಯಿತು.

ಇವತ್ತು ಕೂಡಿಸಿದ್ದರಲ್ಲಿ ಔರಾದದ್ದೂ ಒಂದು. ಮೊನ್ನೆ ಆ ಲಗ್ನದಲ್ಲಿ ಹೊಡೆದಾಟ. ವರನ ಅಣ್ಣ ಸುಶೀಲಕುಮಾರನ ತಲೆ ಒಡೆದಿದೆ. ಹೆಣ್ಣಿನ ಕಡೆ ಫೋಟೋ ತೆಗೆಯಲು ಹೋಗಿದ್ದ ನನ್ನ ತಮ್ಮ ಸಾರಂಗ ಅಂಗಿ ಹರಿದುಕೊಂಡು ಬಂದಿದ್ದಾನೆ.

ಏಪ್ರಿಲ್ 24

ಸುಶೀಲಕುಮಾರ ತೀರಿಕೊಂಡ. ಢೋಲ ಬಾರಿಸುವ ಹಾವಗೆಪ್ಪನೇ ಹೊಡೆದನೆಂದು ಗಂಡಿನ ಕಡೆಯವರು ಅವನ ಬೆರಳು ಕಲ್ಲಿನಿಂದ ಜಜ್ಜಿ ಪೊಲೀಸರಿಗೆ ಕೊಟ್ಟಿದ್ದಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ಇಲ್ಲಿ ಬೀಗರ ಜಗಳ, ಬಡವಾದವ ಹಾವಗೆಪ್ಪ.

ಅವನ ಹೆಂಡತಿ ಬಂದಿದ್ದಳು. “ಅಕ್ಕಾರ, ನಮ್ಮವರು ಕೊಳ್ಳಾಗಿನ ಢೋಲ ತಗದೇ ಇಲ್ಲರಿ. ಫೋಟೋದಾಗ ಇರ್ತದ, ಹುಡುಕಿ ಕೊಡ್ರಿ.”

ಹುಡುಕಿದೆ. ಗಂಡಿನ ಕಡೆಯ ಫೋಟೋ ಒಂದೂ ಇಲ್ಲ. ಎರಡೂ ಕ್ಯಾಮೆರಾದಲ್ಲಿ ಫೋಟೋಗಳಿಗೆ ಒಂದೇ ನಂಬರು. ನನ್ನ ಸ್ಕ್ರಿಪ್ಟಿನಲ್ಲಿ ಆಮೇಲೆ ಬಂದ ಹೆಣ್ಣಿನ ಕಡೆಯ ಫೋಟೋ ಅದೇ ನಂಬರಿನ ಗಂಡಿನದರ ಮೇಲೆ ಕೂತು ಅಳಿಸಿಹಾಕಿದೆ. ಎಂಥ ಕತ್ತೆ ನಾನು!

ಏಪ್ರಿಲ್ 25

ಗಂಡಿನ ಕಡೆಯವರು ನುಗ್ಗಿದರು. “ಬೇಕಂತನೇ ಅಳಿಸೀರಿ!” ಮಾನಿಟರ್ ನೆಲಕ್ಕೆ. ಶೋಕೇಸಿನ ಗಾಜು ಪುಡಿಪುಡಿ. ಒಬ್ಬ ನನ್ನ ಜಡೆ ಹಿಡಿದು ಗೋಡೆಗೆ ಬಡಿದ. ತುಟಿ ಊದಿದೆ. ಸಾರಂಗ ಹೊಡೆದಾಟದ ದಿನದಿಂದ ಅಂಗಡಿಯ ಕಡೆ ತಲೆ ಹಾಕಿಲ್ಲ. ಹೇಡಿ.

ಏಪ್ರಿಲ್ 30, ಭಾಲ್ಕಿ

ಗಂಡಿನ ಕಡೆಯ ಫೋಟೋಗ್ರಾಫರ್ ಅನೀಲಕುಮಾರನ ಮನೆಗೆ ಬಂದೆ. “ಕಾರ್ಡ್ ಫಾರ್ಮ್ಯಾಟ್ ಮಾಡೀನ್ರಿ ಅಕ್ಕಾರ. ಆದರ ಮ್ಯಾಲ ಏನೂ ತಗದಿಲ್ಲರಿ, ಕ್ಯಾಮೆರಾ ರಿಪೇರಿಗಿ ಹೋಗ್ಯದ.” ಬದುಕಿದೆ ಅಂದುಕೊಂಡೆ. ಅಳಿಸಿದ್ದನ್ನು ಮರಳಿ ತರುವ ರಿಕವರಿ ಸಾಫ್ಟ್‌ವೇರ್ ಹಾಕಿ ಕೂತೆವು. ಒಂದೊಂದಾಗಿ ಬಂದವು.

ಹಾವಗೆಪ್ಪನ ಕೊರಳಲ್ಲಿ ಢೋಲ. ಎರಡೂ ಕೈ ಢೋಲದ ಮೇಲೆ. ಅವನ ಹಿಂದೆ ಸುಶೀಲಕುಮಾರ ನೆಲಕ್ಕೆ ಬಿದ್ದಿದ್ದಾನೆ. ಬಿದ್ದವನ ಮೇಲೆ ಟ್ರೈಪಾಡ್ ಎತ್ತಿ ನಿಂತವನು ಸಾರಂಗ. ಮುಂದಿನ ಫೋಟೋದಲ್ಲಿ ಟ್ರೈಪಾಡ್ ಇಳಿದಿದೆ. ಅದರ ಮುಂದಿನದರಲ್ಲಿ... ಮತ್ತೆ ಎತ್ತಿದ್ದಾನೆ.

ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಕಾರ್ಡ್ ಅನೀಲಕುಮಾರನ ಹತ್ತಿರವೇ ಬಿಟ್ಟು ಹೊರಟೆ.

ಮೇ 1

ಸಾರಂಗನಿಗೆ ಫೋಟೋ ತೋರಿಸಿದೆ.

“ಅವ ನನ್ನ ಕ್ಯಾಮೆರಾ ಒಡದಾನ, ಅಕ್ಕಾ. ಸಿಟ್ಟಿನಾಗ ಆಯ್ತು. ಅಳಿಸಿಬಿಡು.”

“ಹಾವಗೆಪ್ಪ?”

“ಅವ ನಮ್ಮ ಬಳಗ ಏನು?”

ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇನೆ. ಕೆನ್ನೆಗೆ ಬಾರಿಸಿದೆ. ಅವನೂ ಬಾರಿಸಿದ.

ಮೇ 6

ಎಡಗೈ ಬರವಣಿಗೆ. ಪೆನ್‌ಡ್ರೈವ್ ಹಿಡಿದು ಅಂಗಡಿಯಿಂದ ಠಾಣೆಗೆ ಹೊರಟಾಗ ಸಾರಂಗ ಬಲಗೈ ಮೇಲೆ ಶಟರ್ ಎಳೆದ. ಎತ್ತಿ, ಮತ್ತೆ ಎಳೆದ. ಪೆನ್‌ಡ್ರೈವ್ ಚೂರು. ಬೆರಳೂ. “ಜಾರಿ ಬಿದ್ದಾಳ್ರಿ” ಅಂತ ಅವ್ವ ಡಾಕ್ಟರಿಗೆ ಹೇಳಿದಳು. ನಾನೂ ಹೂಂ ಅಂದೆ.

ಕಾರ್ಡ್ ಇನ್ನೂ ಅನೀಲಕುಮಾರನ ಹತ್ತಿರ ಇದೆ. ಸಾರಂಗನಿಗೆ ಅದು ಗೊತ್ತಿಲ್ಲ.

ಮೇ 7, ಔರಾದ, ಠಾಣೆಯ ಹೊರಗೆ

ಭಾಲ್ಕಿಗೆ ಹೋಗಿ ಕಾರ್ಡ್ ತಂದೆ. ಒಳಗೆ ತೋರಿಸಿದೆ. ಫೋಟೋದಲ್ಲಿ ಇರುವವನ ಹೆಸರು ಕೇಳಿದರು, ಹೇಳಿದೆ. ಬರೆದುಕೊಂಡರು. ಆಮೇಲೆ ಕೇಳಿದರು — “ಅವ ನಿಮಗ ಏನಾಗಬೇಕ್ರಿ?”

ನೀರು ಕುಡಿದು ಬರ್ತೇನ್ರಿ ಅಂತ ಎದ್ದು ಬಂದೆ. ಕೈ ಸಿಡಿಯುತ್ತಿದೆ. ಫೋನಿನಲ್ಲಿ ಅವ್ವ, ಮತ್ತೆ ಅವ್ವ. ಒಳಗಿಂದ ಕರೆಯುತ್ತಿದ್ದಾರೆ. ಹೋಗಿ ಹೇಳುತ್ತೇನೆ. ಅವ ನನ್ನ...