ಪುಂಡಿಪಲ್ಯಕ್ಕೆ ಬಂದ ಅಪವಾದ

ಯಡ್ರಾಮಿ,
೬ ಫೆಬ್ರವರಿ ೧೯೩೮

ಪ್ರೀತಿಯ ಜಗದೇವಣ್ಣಾ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಮೊಣಕಾಲು ನೋವು ಹೇಗಿದೆ? ವೈನಿಯ ಕೆಮ್ಮು ಇಳಿಯಿತೇ? ನಾವೆಲ್ಲ ಆರಾಮ. ಈ ಮಾತು ಬರೆಯುವಾಗಲೇ ಎದೆ ಹಗುರಾಯಿತು ನೋಡು.

'ತಂಗಿಯನ್ನು ಕರೆದುಕೊಂಡು ಹೋಗಿರಿ' ಎಂದು ಅತ್ತೆ ನಮ್ಮ ಆಳು ಭೀಮಶಾನ ಕೈಲಿ ನಿಮ್ಮ ಗೊಬ್ಬೂರಿಗೆ ಹೇಳಿಕಳಿಸಿದ್ದರಲ್ಲ, ಕೇಳಿ ಎಷ್ಟು ಗಾಬರಿಯಾದೆಯೋ. ನಡೆದದ್ದು ಇಷ್ಟು. ತಾಲೀಮಿನಲ್ಲಿ ನಮ್ಮ ಮನೆಯವರಿಗೂ ರಾಜೇಸಾಬನಿಗೂ ಕುಸ್ತಿ ಬಿತ್ತು. ಇಬ್ಬರೂ ಹಟಮಾರಿಗಳು, ಬೀಳಲೊಲ್ಲರು. ಕಡೆಗೆ ಜೋಡಿ ಬಿಡಿಸಿದಾಗ ಇವರು ತಿದಿಯಂತೆ ಉಸಿರು ಬಿಡುತ್ತ ಕುಸಿದು, ಉಂಡದ್ದನ್ನೆಲ್ಲ ವಾಂತಿ ಮಾಡಿಕೊಂಡರಂತೆ. ಪೈಲವಾನರು ಹುಳಿ ಮುಟ್ಟಬಾರದೆಂಬುದು ತಾಲೀಮಿನ ಕಟ್ಟಳೆ. ಅಂದು ನಾನು ಮಾಡಿದ ಹುಳಿಸೊಪ್ಪಿನ ಪುಂಡಿಪಲ್ಯ ಬೇಡಿ ಬೇಡಿ ಉಂಡವರು ಅವರು, ಬೈಸಿಕೊಂಡವಳು ನಾನು! 'ನನ್ನ ಮಗನ ರಕ್ತಾ ಕೆಡಸಿದಿ ಬೇ' ಎಂದು ಅತ್ತೆ ಎದೆ ಬಡಿದುಕೊಂಡರು. ಇವರು ಸಂಜೆಗೇ ಎದ್ದು ಕೂತರೂ ಮಂಚದಿಂದ ಇಳಿಯಗೊಡಲಿಲ್ಲ, ನನ್ನನ್ನು ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಗಂಡನ ಮನೆಯ ಋಣ ತೀರಿತೆಂದು ಅತ್ತು ಅತ್ತು ಸಾಕಾಗಿತ್ತು, ಅಣ್ಣಾ.

ನಿನ್ನೆ ಜೇವರ್ಗಿಯಿಂದ ಡಾಕ್ಟರು ಬಂದರು. ದಾರಿಯಲ್ಲಿ ರಾಜೇಸಾಬನನ್ನೂ ನೋಡಿಯೇ ಬಂದಿದ್ದರು. ಇವರ ನಾಡಿ ಹಿಡಿದು, ಎದೆಗೆ ನಳಿಗೆ ಹಚ್ಚಿ, ನಕ್ಕುಬಿಟ್ಟರು. ಮೈಮೀರಿ ಶ್ರಮಪಟ್ಟರೆ ಮಾಂಸಖಂಡಗಳಲ್ಲೇ ಆಮ್ಲ ಹುಟ್ಟಿ ರಕ್ತಕ್ಕೆ ಇಳಿಯುತ್ತದಂತೆ. ರಕ್ತದ ಹದ ತಪ್ಪಬಾರದೆಂದು ಮೈ ತಾನಾಗಿಯೇ ಜೋರಾಗಿ ಉಸಿರಾಡಿ, ಒಳಗಿನ ಕೆಟ್ಟ ಗಾಳಿಯನ್ನು ಹೊರಗೆ ನೂಕುತ್ತದಂತೆ. ದಣಿವಾರಿಸಿಕೊಂಡರೆ ತಾಸೆರಡು ತಾಸಿನಲ್ಲಿ ಎಲ್ಲ ಮೊದಲಿನಂತೆ. ನಾವು ಯಾವ ಏದುಸಿರಿಗೆ ಹೆದರಿ ಸತ್ತೆವೋ ಅದೇ ಇವರನ್ನು ಕಾಯ್ದಿತ್ತು! ತುಂಬಿದ ಹೊಟ್ಟೆಯಲ್ಲಿ ಅಖಾಡಕ್ಕೆ ಇಳಿದದ್ದಕ್ಕೆ ಮಾತ್ರ ಇವರಿಗೆ ಚೆನ್ನಾಗಿ ಬೈಗುಳ ಬಿತ್ತು. ನನಗೆ ಒಳಗೊಳಗೇ ಖುಷಿ.

ಅತ್ತೆ ಬಿಡಬೇಕಲ್ಲ, 'ಮತ್ತ ಆ ಪುಂಡಿಪಲ್ಯಾ ರೀ?' ಎಂದರು. ಡಾಕ್ಟರು, 'ರಾಜೇಸಾಬನೂ ಹಿಂಗೇ ವಾಂತಿ ಮಾಡ್ಯಾನ. ಅವಗೂ ನಿಮ್ಮ ಸೊಸಿನೇ ಉಣಿಸಿದ್ಲೇನ್ರಿ ಅವ್ವಾರ?' ಎನ್ನಬೇಕೇ! ಮಂಚದ ಮೇಲಿದ್ದವರೂ ಕಿಸಕ್ಕನೆ ನಕ್ಕರು. ಅತ್ತೆ ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಬಸವಣ್ಣ ನಿಮ್ಮನ್ನೆಲ್ಲ ತಂಪಾಗಿಟ್ಟಿರಲಿ.

ನಿನ್ನ ತಂಗಿ,
ಶಿವಕಾಂತಾ

ತಾ.ಕ.: ಬಂಡಿ ಹೂಡಬೇಡ. ಅತ್ತೆ ಈಗಷ್ಟೇ ಬಾಗಿಲಲ್ಲಿ ನಿಂತು, ಎತ್ತಲೋ ನೋಡುತ್ತ ಹೇಳಿ ಹೋದರು: 'ನಿಮ್ಮಣ್ಣಗ ಬರಿಯವ್ವಾ. ಬರೂದಾದ್ರ ನಾಕ ದಿನಾ ಇರಾಕ ಬರ್ಲಿ. ತಂಗಿನ್ನ ಕರ್ಕೊಂಡು ಹೋಗ್ತೇನಿ ಅಂದ್ರ ನಾ ಕಳಸಂಗಿಲ್ಲ.'